ಕುಲಕಸುಬು ಮುಂದುವರಿದಿದೆಯಾ? ಕೊಡಗಿನ ನೇಕಾರ ಮನೆಗಳವರು ಇಲ್ಲಿ ಬರೆಯಿರಿ

ಶಿರಂಗಾಲದ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

2025ರ ಸೆಪ್ಟೆಂಬರ್ 22ಕ್ಕೆ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಯಿತಲ್ಲ, ಕುಶಾಲನಗರದ ನಮ್ಮ ಮನೆಗೂ ಒಬ್ಬರು ಟೀಚರ್ ಬಂದಿದ್ದರು. ಹೊರಗೆ ಮಳೆ. ಕೊಡೆ ಮಡಚಿಟ್ಟು, ಜಗಲಿಯಲ್ಲಿ ಕೂತು, ಮೊಬೈಲ್ ನೋಡಿಕೊಂಡು ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದರು. ಜಾತಿ ಯಾವುದು ಅಂದಾಗ ಅಪ್ಪ "ನೇಕಾರರು" ಅಂದರು. ನಾನು "ದೇವಾಂಗ" ಅಂದೆ. ಒಳಗಿಂದ ಅಜ್ಜಿ "ಜೇಡರು ಅಂತ ಬರ್ಕೊಳ್ಳಮ್ಮ" ಅಂದರು. ಟೀಚರ್ ಪಾಪ ಮೂವರ ಮುಖವನ್ನೂ ನೋಡಿದರು. ಕೊನೆಗೆ ದೇವಾಂಗ ಅಂತ ಬರೆಸಿದೆವು.

ಆಮೇಲೆ ಕುಲಕಸುಬು ಯಾವುದು ಅನ್ನುವ ಪ್ರಶ್ನೆ. ನೇಯ್ಗೆ ಅಂತ ಮೂವರೂ ಒಟ್ಟಿಗೆ ಹೇಳಿದೆವು. ಅದರ ಹಿಂದೆಯೇ ಇನ್ನೊಂದು: ಕುಲಕಸುಬು ಮುಂದುವರಿದಿದೆಯಾ?

ಅಪ್ಪ ಮಾತಾಡಲಿಲ್ಲ. ತಲೆ ಎತ್ತಿ ಅಟ್ಟದ ಕಡೆ ನೋಡಿದರು. ಟೀಚರ್ ಕಾದರು. ನಾನೇ "ಇಲ್ಲ" ಅಂದೆ. ಅದೊಂದು ಮಾತು ಹೇಳಿದ್ದಕ್ಕೆ ಎರಡು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನಮ್ಮ ತಾತ ಶಿರಂಗಾಲದಲ್ಲಿ ಗುಂಡಿಮಗ್ಗದಲ್ಲಿ, ಅಂದರೆ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಮಗ್ಗದಲ್ಲಿ, ನೇಯುತ್ತಿದ್ದರು. ಅಪ್ಪನಿಗೆ ಹದಿನೆಂಟು ಆಗುವವರೆಗೂ ಮನೆಯಲ್ಲಿ ಮಗ್ಗ ಇತ್ತು. ಆಮೇಲೆ ಅಪ್ಪ ಕೂಡ್ಲೂರಿನ ಕಾಫಿ ಕ್ಯೂರಿಂಗ್ ಕೆಲಸಕ್ಕೆ ಸೇರಿದರು, ತಾತ ತೀರಿಕೊಂಡರು, ಮಗ್ಗದ ಗುಂಡಿಗೆ ಮಣ್ಣು ತುಂಬಿ ಸಿಮೆಂಟ್ ಹಾಕಿಸಿದರು. ಶಾಲೆಯ ಸರ್ಟಿಫಿಕೇಟಿನಲ್ಲಿ ಮಾತ್ರ ನಾವು ಇವತ್ತಿಗೂ ನೇಕಾರರೇ.

ನನಗೆ ಬೇಕಾಗಿರುವುದು ಇಷ್ಟು. ಕೊಡಗಿನಲ್ಲಿ ಮಗ್ಗ ಇದ್ದ ಮನೆಗಳು ಎಲ್ಲೆಲ್ಲಿ ಇದ್ದವು? ನಿಮ್ಮ ಮನೆಯಲ್ಲಿ ಏನು ನೇಯುತ್ತಿದ್ದರು? ಯಾವ ಸಾಮಾನಿಗೆ ಏನು ಹೆಸರು ಹೇಳುತ್ತಿದ್ದರು? ಜಾತಿ ಕೇಳಿದಾಗ ನೀವು ಏನಂತ ಹೇಳುತ್ತೀರಿ? ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು ಅನ್ನಿಸಿದೆ.

ಸೋಮವಾರಪೇಟೆ ಮೇಷ್ಟ್ರು

ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀಯಮ್ಮ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವನು, ಗೊತ್ತಿರುವಷ್ಟು ಹೇಳುತ್ತೇನೆ.

ನಿಮ್ಮ ಮನೆಯಲ್ಲಿ ಮೂವರು ಮೂರು ಹೆಸರು ಹೇಳಿದರಲ್ಲ, ಮೂವರದ್ದೂ ಸರಿ. ನೇಕಾರ ಅನ್ನುವುದು ಕಸುಬಿನ ಹೆಸರು. ಜೇಡ ಅನ್ನುವುದೂ ನೇಯುವವರಿಗೆ ಇದ್ದ ಹಳೆಯ ಹೆಸರು. ದೇವಾಂಗ ಅನ್ನುವುದು ಆ ಕಸುಬಿನವರಲ್ಲಿ ಒಂದು ಸಮುದಾಯ. ಪದ್ಮಶಾಲಿ, ಪಟ್ಟಸಾಲಿ, ಕುರುಹಿನಶೆಟ್ಟಿ, ತೊಗಟವೀರ, ಹಟಗಾರ, ಸ್ವಕುಳಸಾಳಿ, ಇವರೆಲ್ಲರೂ ನೇಕಾರರೇ, ಆದರೆ ಮನೆದೇವರು ಬೇರೆ, ಹಲವು ಕಡೆ ಮನೆಮಾತೂ ಬೇರೆ. ದೇವಾಂಗರಲ್ಲಿ ಕನ್ನಡದ ಮನೆಗಳೂ ಇವೆ, ತೆಲುಗಿನ ಮನೆಗಳೂ ಇವೆ. ಪದ್ಮಶಾಲಿಗಳಲ್ಲಿ ಜಾಸ್ತಿ ತೆಲುಗು. ಸ್ವಕುಳಸಾಳಿಗಳದು ಮರಾಠಿ.

ಕಥೆಗಳೂ ಹಾಗೆಯೇ. ದೇವಲ ಮಹರ್ಷಿ ವಿಷ್ಣುವಿನ ಹೊಕ್ಕುಳಿನ ತಾವರೆಯ ದಂಟಿನಿಂದ ನೂಲು ತಂದ, ದಾರಿಯಲ್ಲಿ ರಾಕ್ಷಸರು ಅಡ್ಡ ಬಂದರು, ಚೌಡೇಶ್ವರಿ ಬಂದು ಕಾಪಾಡಿದಳು ಅಂತ ದೇವಾಂಗರು ಹೇಳುತ್ತಾರೆ. ಪದ್ಮಶಾಲಿಗಳು ಮಾರ್ಕಂಡೇಯನ ವಂಶ, ಭಾವನಾ ಋಷಿಯ ಮಕ್ಕಳು. ಅಲ್ಲಿಯೂ ತಾವರೆಯ ನಾರೇ ನೂಲು. ಮನುಷ್ಯನ ಮಾನ ಮುಚ್ಚುವ ಕೆಲಸ ದೇವರೇ ಕೊಟ್ಟಿದ್ದು ಅನ್ನುವ ಮಾತು ಎಲ್ಲ ಕಥೆಯಲ್ಲಿಯೂ ಇದೆ. ಶ್ರಾವಣದ ನೂಲಹುಣ್ಣಿಮೆಗೆ ಜನಿವಾರ ಬದಲಿಸುವುದೂ ಅದಕ್ಕೇ. ಇನ್ನು ಕುರುಹಿನಶೆಟ್ಟಿ, ಹಟಗಾರರಲ್ಲಿ ಲಿಂಗ ಕಟ್ಟುವವರೇ ಹೆಚ್ಚು. ಕೆಲಸ ಒಂದೇ, ಆದರೆ ಎದೆಯ ಮೇಲೆ ಇರುವುದು ಬೇರೆ.

ಕೊಡಗಿನ ವಿಚಾರಕ್ಕೆ ಬರೋಣ. ಮಗ್ಗದ ಮನೆಗಳು ಮೂಡಣ ಗಡಿಯಲ್ಲೇ ಯಾಕೆ ಅಂತ ಯೋಚಿಸಿದ್ದೀಯಾ? ಶಿರಂಗಾಲದಲ್ಲಿ ನೇಯ್ಗೆ ಇದ್ದದ್ದು ಬ್ರಿಟಿಷರ ಕಾಲದ ಗೆಜೆಟಿಯರ್‌ನಲ್ಲಿಯೂ ಬಂದಿದೆ. ಗಡಿ ದಾಟಿದರೆ ಹಾಸನ ಜಿಲ್ಲೆ, ಬಯಲುಸೀಮೆಯ ಗಾಳಿ. ಹಾಸಿನ, ಅಂದರೆ ಬಟ್ಟೆಯ ಉದ್ದದ ಎಳೆಗಳ, ನೂಲಿಗೆ ಗಂಜಿ ಹಾಕಿ ಬೀದಿಯುದ್ದಕ್ಕೂ ಎಳೆದು ಕಟ್ಟಿ ಒಣಗಿಸಬೇಕು. ಭಾಗಮಂಡಲದ ಮಳೆಯಲ್ಲಿ ಅದು ಆಗುವ ಕೆಲಸವಾ? ಗುಂಡಿಮಗ್ಗಕ್ಕೆ ನೆಲ ತೋಡಬೇಕು. ನೀರು ಜಿನುಗುವ ಕಡೆ ಗುಂಡಿ ಇಟ್ಟರೆ ನೇಯುವವನ ಕಾಲು ನೀರಿನಲ್ಲೇ. ಹಾಗಾಗಿ ಮಗ್ಗಗಳು ಮಳೆ ಕಡಿಮೆ ಇರುವ ಕಡೆ ನಿಂತವು.

ಶಿರಂಗಾಲದ ಮೊಮ್ಮಗಳು

ಮೇಷ್ಟ್ರೇ, ಗಂಜಿಯ ವಿಷಯ ಓದಿ ಅಜ್ಜಿಗೆ ಹೇಳಿದೆ. "ಮೋಡ ಕಟ್ಟಿದ್ರೆ ಬೀದಿಗೆಲ್ಲ ಓಡೋರು, ಯಾರ ಮನೆ ಹಾಸು ಅಂತ ನೋಡ್ತಿರ್ಲಿಲ್ಲ, ಎಲ್ಲರೂ ಸೇರಿ ಎತ್ತೋರು" ಅಂದರು. ಹಸಿ ಹಾಸು ಮಳೆಗೆ ಸಿಕ್ಕಿದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸುವುದಕ್ಕೆ ಹೋದರೆ ಕಡಿದು ಹೋಗುತ್ತಿದ್ದವಂತೆ.

ವಿರಾಜಪೇಟೆ ಶೆಟ್ಟಿಗಾರ್

ಅಕ್ಕಾ, ನಮ್ಮದು ಇನ್ನೊಂದು ದಿಕ್ಕು. ನಾವು ಘಟ್ಟದ ಕೆಳಗಿನಿಂದ ಬಂದವರು. ಮನೆಯಲ್ಲಿ ತುಳು. ಪದ್ಮಶಾಲಿಗಳೇ, ಆದರೆ ದಕ್ಷಿಣ ಕನ್ನಡ, ಉಡುಪಿ ಕಡೆ ನಮ್ಮನ್ನು ಶೆಟ್ಟಿಗಾರ್ ಅನ್ನುತ್ತಾರೆ. ಊರಲ್ಲಿ ವೀರಭದ್ರನ ದೇವಸ್ಥಾನಕ್ಕೆ ನಡೆದುಕೊಳ್ಳುತ್ತೇವೆ.

ಕೊಡಗಿನಲ್ಲಿ ನನ್ನ ತಾಪತ್ರಯ ಕೇಳಿ. ಹೆಸರಿನ ಮುಂದೆ ಶೆಟ್ಟಿಗಾರ್ ಅಂತ ಇದ್ದರೂ ಎಲ್ಲರೂ ಶೆಟ್ಟಿ ಅಂತಲೇ ಕರೆಯುತ್ತಾರೆ. ಒಬ್ಬರು ಬಂಟರಾ ಅಂತಾರೆ. ಇನ್ನೊಬ್ಬರು ಬಣಜಿಗ ಶೆಟ್ಟರಾ ಅಂತಾರೆ. ಕುರುಹಿನಶೆಟ್ಟಿಯವರಿಗೂ ಇದೇ ಪಾಡು ಇರಬೇಕು. ಇಲ್ಲಿ ಯಾರನ್ನೇ ಪರಿಚಯ ಮಾಡಿಕೊಂಡರೂ ಮನೆ ಹೆಸರು ಕೇಳುತ್ತಾರಲ್ಲ, ಕೊಡವರಲ್ಲಿ ಒಕ್ಕ, ಅಂದರೆ ಮನೆತನದ ಹೆಸರು, ಹೇಳಿದರೆ ಊರು, ನೆಂಟರು, ಮನೆತನದ ಮೂಲಮನೆಯಾದ ಐನ್‌ಮನೆ ಎಲ್ಲ ಗೊತ್ತಾಗಿಬಿಡುತ್ತದೆ. ಅರೆಭಾಷೆ ಗೌಡರಿಗೂ ಮನೆತನದ ಹೆಸರಿದೆ. ನಮಗೂ ಗೋತ್ರಗಳಿವೆ, ಪದ್ಮಶಾಲಿಗಳಲ್ಲಿ 101 ಅನ್ನುತ್ತಾರೆ. ಆದರೆ ಅದನ್ನು ಹೇಳಿದರೆ ಇಲ್ಲಿ ಯಾರಿಗೂ ಏನೂ ಹೊಳೆಯುವುದಿಲ್ಲ. "ಬಟ್ಟೆ ನೇಯುವವರು" ಅಂದರೆ ಮಾತ್ರ "ಓ, ಹೌದಾ" ಅನ್ನುತ್ತಾರೆ. ಅಷ್ಟು ಹೇಳಿದ ಮೇಲೆ "ಈಗಲೂ ನೇಯ್ತೀರಾ?" ಅಂತ ಕೇಳಿಯೇ ಕೇಳುತ್ತಾರೆ. ನಮ್ಮದು ಮೊಬೈಲ್ ರಿಪೇರಿ ಅಂಗಡಿ.

ನಾಪೋಕ್ಲಿನ ಅಕ್ಕ

ಇದನ್ನು ಓದುತ್ತಾ ಇದ್ದಾಗ ಎದ್ದು ಹೋಗಿ ಪೆಟ್ಟಿಗೆ ತೆಗೆದೆ. ನಾವು ಕೊಡವರು. ಅಜ್ಜನ ಚೇಲೆ, ಅಂದರೆ ಸೊಂಟಪಟ್ಟಿ, ಇನ್ನೂ ಜೋಪಾನವಾಗಿ ಇದೆ, ನುಸಿಗುಳಿಗೆ ಹಾಕಿ ಇಟ್ಟಿದ್ದೇನೆ. ಕೆಂಪು ರೇಷ್ಮೆ, ತುದಿಯಲ್ಲಿ ಜರಿ. ಕುಪ್ಯ ಅನ್ನುವ ಗಂಡಸರ ಉದ್ದ ಅಂಗಿಯ ಮೇಲೆ ಸೊಂಟಕ್ಕೆ ಸುತ್ತಿ, ಪೀಚೆಕತ್ತಿ ಅನ್ನುವ ಸಣ್ಣ ಬಾಕು ಸಿಕ್ಕಿಸುವುದು ಇದಕ್ಕೇ. ಪೀಚೆಕತ್ತಿ ಮಾಡಿದವರು ಯಾರು ಅಂದರೆ ಐರಿ, ಅಂದರೆ ಕಮ್ಮಾರ ಕೆಲಸದವರು, ಅನ್ನುತ್ತೇವೆ. ಕೊಟ್ಟು ಅನ್ನುವ ವಾದ್ಯ ಬಾರಿಸುವವರು, ಬುಟ್ಟಿ ಹೆಣೆಯುವವರು ಮೇದರು ಅಂತ ಮಗುವಿಗೂ ಗೊತ್ತು. ಚೇಲೆ ನೇಯ್ದವರು ಯಾರು ಅಂತ ನಮ್ಮ ಮನೆಯಲ್ಲಿ ಒಬ್ಬರೂ ಕೇಳಿದ್ದಿಲ್ಲ, ಹೇಳಿದ್ದೂ ಇಲ್ಲ. "ಪೇಟೆಯಿಂದ ತಂದದ್ದು", ಅಷ್ಟೇ.

ಮದುವೆಗೆ ಮದುಮಗನಿಗೆ ಬಿಳಿ ಕುಪ್ಯ, ಸತ್ತಾಗಲೂ ಬಿಳಿ ಕುಪ್ಯ. ಕಾವೇರಿ ಸಂಕ್ರಮಣಕ್ಕೆ ಕಣಿ ಪೂಜೆಯಲ್ಲಿ ತೆಂಗಿನಕಾಯಿಗೆ ಕೆಂಪು ಬಟ್ಟೆ ಸುತ್ತಿ, ಬಳೆ ಹಾಕಿ, ಅದನ್ನೇ ಕಾವೇರಮ್ಮೆ ಅಂತ ಕೈಮುಗಿಯುತ್ತೇವೆ. ಇಷ್ಟು ಬಟ್ಟೆ ಬೇಕು ನಮಗೆ, ಹುಟ್ಟಿದಾಗಿನಿಂದ ಮಣ್ಣಿಗೆ ಹೋಗುವವರೆಗೆ. ನೇಯ್ದವರ ಹೆಸರು ಮಾತ್ರ ನಮ್ಮ ನೆನಪಿನಲ್ಲಿ ಇಲ್ಲ. ಇದು ತಪ್ಪು ಅಂತ ನನಗೆ ನಿಜವಾಗಿಯೂ ಅನ್ನಿಸುತ್ತಿದೆ. ಶಿರಂಗಾಲದ ತಂಗಿ, ನಿಮ್ಮ ತಾತ ಚೇಲೆ ನೇಯುತ್ತಿದ್ದರಾ?

ಶಿರಂಗಾಲದ ಮೊಮ್ಮಗಳು

ಅಕ್ಕಾ, ನೀವು ಹೀಗೆ ಕೇಳಿದ್ದೇ ನನಗೆ ತುಂಬಾ ದೊಡ್ಡದು. ಅಪ್ಪನಿಗೆ ನೆನಪಿರುವಷ್ಟು ದಿನ ತಾತ ನೇಯ್ದದ್ದು ಹತ್ತಿಯದು. ಪಂಚೆ, ಟವೆಲ್, ಹಾಸಿಗೆ ಮೇಲೆ ಹಾಸುವ ಜಮಖಾನ. ಅದಕ್ಕಿಂತ ಹಿಂದಿನವರ ಬಗ್ಗೆ ಅಜ್ಜಿಯನ್ನು ಕೇಳುತ್ತೇನೆ.

ಮಡಿಕೇರಿ ಹುಡುಗ

ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳುತ್ತೇನೆ. ಮಗ್ಗ ಹೋಯಿತು, ಕಸುಬು ಹೋಯಿತು. ಇನ್ನು ಜಾತಿಯ ಹೆಸರನ್ನು ಯಾಕೆ ಹಿಡಿದುಕೊಳ್ಳಬೇಕು? ನಾನೂ ನೇಕಾರರ ಮನೆಯವನೇ. ನಾನು ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ. ಕಸುಬು ಮಾಡದೆ ಕಸುಬಿನ ಹೆಸರು ಇಟ್ಟುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಹೇಳಲೇಬೇಕು ಅಂದರೆ ಎಲ್ಲರೂ ನೇಕಾರ ಅಂತ ಒಂದೇ ಹೆಸರು ಹೇಳೋಣ. ಹತ್ತು ಹೆಸರಿಗೆ ಹತ್ತು ಸಂಘ, ಯಾರ ಮಾತೂ ಎಲ್ಲೂ ನಡೆಯುವುದಿಲ್ಲ.

ವಿರಾಜಪೇಟೆ ಶೆಟ್ಟಿಗಾರ್

ತಮ್ಮಾ, ಒಂದೇ ಹೆಸರು ಅನ್ನುವುದು ಕೇಳಲು ಚೆಂದ. ಆದರೆ ಸರ್ಟಿಫಿಕೇಟ್ ವಿಷಯದಲ್ಲಿ ಎಡವಟ್ಟು ಮಾಡಿಕೊಳ್ಳಬೇಡಿ. ನಾವೆಲ್ಲ ಪ್ರವರ್ಗ 2ಎ, ರಾಜ್ಯದಲ್ಲಿ ಶೇಕಡ 15 ಮೀಸಲಾತಿ ಇರುವ ಗುಂಪು. ಪಟ್ಟಿಯಲ್ಲಿ ಯಾವ ಹೆಸರಿದೆಯೋ ಅದೇ ಹೆಸರು ಶಾಲೆಯ ದಾಖಲೆಯಲ್ಲಿಯೂ ಇರಬೇಕು. ನನ್ನ ಅಣ್ಣನ ದಾಖಲೆಯಲ್ಲಿ ಯಾರೋ ಶೆಟ್ಟಿ ಅಂತ ಮಾತ್ರ ಬರೆದಿದ್ದರು. ಕಾಲೇಜಿಗೆ ಸೇರುವ ವರ್ಷ ಸರ್ಟಿಫಿಕೇಟ್ ಸಿಗದೆ ಅಪ್ಪ ನಾಲ್ಕು ತಿಂಗಳು ಕಚೇರಿ ಅಲೆದರು. ಅಜ್ಜನ ಕಾಲದ ಜಮೀನು ಪತ್ರದಲ್ಲಿ ಪದ್ಮಶಾಲಿ ಅಂತ ಇದ್ದದ್ದು ಸಿಕ್ಕಿ ಬಚಾವಾದೆವು. ಆ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ಸೋಮವಾರಪೇಟೆ ಮೇಷ್ಟ್ರು

ಮಡಿಕೇರಿಯ ಮಗನಿಗೆ ಒಂದು ಮಾತು. ಹೇಳಿಕೊಳ್ಳುವುದು ಬಿಡುವುದು ನಿನ್ನಿಷ್ಟ, ಅದನ್ನು ಯಾರೂ ಬಲವಂತ ಮಾಡಬಾರದು. ಆದರೆ ಈ ಹೆಸರುಗಳ ಹಿಂದೆ ಬರೀ ಮದುವೆ ಸಂಬಂಧ ಮಾತ್ರ ಇಲ್ಲ, ಜಗಳವೂ ಇದೆ, ಗೌರವಕ್ಕಾಗಿ ಮಾಡಿದ ಹೋರಾಟವೂ ಇದೆ.

ಹಿಂದೆ ಊರುಗಳಲ್ಲಿ ಬಲಗೈ, ಎಡಗೈ ಅಂತ ಎರಡು ಪಂಗಡ ಇದ್ದವು. ಬಲಗೈಯಲ್ಲಿ 18 ಪಣ, ಅಂದರೆ ಜಾತಿ ಗುಂಪು, ಎಡಗೈಯಲ್ಲಿ 9 ಪಣ. ದೇವಾಂಗರು ಎಡಗೈ ಕಡೆ, ಕಮ್ಮಾರ, ಬಡಗಿ, ಅಕ್ಕಸಾಲಿಗಳಾದ ಪಂಚಾಳರ ಜೊತೆ. ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು, ಯಾರು ಯಾವ ಗೌರವ ಇಟ್ಟುಕೊಳ್ಳಬಹುದು ಅಂತ ಎರಡು ಕಡೆಯವರೂ ಹೊಡೆದಾಡಿದ್ದಾರೆ. ವಿಜಯನಗರದ ಕಾಲದಲ್ಲಿ ಮಗ್ಗಕ್ಕೆ ಮಗ್ಗದೆರೆ ಅಂತ ತೆರಿಗೆ ಇತ್ತು, ಶಾಸನಗಳಲ್ಲಿ ಎಷ್ಟೋ ಕಡೆ ಬರುತ್ತದೆ. ತಮಿಳು ಸೀಮೆಯ ಕೈಕ್ಕೋಳ ನೇಕಾರರು ಪಲ್ಲಕ್ಕಿ ಏರುವ, ಶಂಖ ಊದಿಸುವ ಹಕ್ಕನ್ನು ಕೇಳಿ ಪಡೆದದ್ದೂ ಆ ಕಾಲದ ಶಾಸನಗಳಲ್ಲೇ ಇದೆ. ತೆರಿಗೆ ಕೊಡುವವರು ನಾವು, ಪಲ್ಲಕ್ಕಿ ಮಾತ್ರ ನಮಗೆ ಯಾಕಿಲ್ಲ ಅಂತ ಕೇಳಿದ ಜನ ಅವರು. ಹೆಸರು ಬಿಡುವುದಾದರೆ ಇದೆಲ್ಲ ತಿಳಿದುಕೊಂಡು ಬಿಡು ಮಗು.

ಮಡಿಕೇರಿ ಹುಡುಗ

ಸರ್, ಪಲ್ಲಕ್ಕಿಯ ವಿಷಯ ಗೊತ್ತಿರಲಿಲ್ಲ. ನನಗೆ ಮನೆಯಲ್ಲಿ ಯಾರೂ ಏನೂ ಹೇಳಲೇ ಇಲ್ಲ. ಅಮ್ಮ ಯಾವಾಗಲೂ "ಅದೆಲ್ಲ ಬಡತನದ ಕಾಲ, ಬಿಡು" ಅನ್ನುತ್ತಿದ್ದರು.

ಹಂಪಿ ಭಕ್ತ

ದಾಸಿಮಯ್ಯನವರ ಹೆಸರನ್ನೇ ಯಾರೂ ಎತ್ತಿಲ್ಲವಲ್ಲ! ಮುದನೂರಿನಲ್ಲಿ ಮಗ್ಗ ಇಟ್ಟುಕೊಂಡು ರಾಮನಾಥನ ಹೆಸರಲ್ಲಿ ವಚನ ಹೇಳಿದವರು. ಬಸವಣ್ಣನವರಿಗಿಂತ ಹಿಂದಿನವರು. ನಾವು ದೇವಾಂಗರು ಹೆಮ್ಮೆಯಿಂದ ಜಯಂತಿ ಮಾಡುತ್ತೇವೆ.

ಕೊಡ್ಲಿಪೇಟೆ ಜವಳಿ

ದೇವರ ದಾಸಿಮಯ್ಯ ಬೇರೆ, ಜೇಡರ ದಾಸಿಮಯ್ಯ ಬೇರೆ ಅನ್ನುವವರೂ ಇದ್ದಾರೆ ಸ್ವಾಮಿ. ಆ ಜಗಳ ಇಲ್ಲಿ ಬೇಡ, ನೂರು ಪೋಸ್ಟ್ ಆಗುತ್ತದೆ, ಮೂಲ ವಿಷಯ ತಪ್ಪುತ್ತದೆ. ಯಾರ ಪಂಗಡ ಅನ್ನುವುದಕ್ಕಿಂತ ಅವರು ನೇಯ್ದು ಉಂಡವರು ಅನ್ನುವುದು ನನಗೆ ಮುಖ್ಯ.

ನಾನು ಬಟ್ಟೆ ಅಂಗಡಿಯವನು. ನಮ್ಮ ಅಪ್ಪ ನೇಕಾರರು, ನಾನು ಮಾರುವವನು. ಕಸುಬು ಯಾಕೆ ನಿಂತಿತು ಅಂತ ಕಣ್ಣಾರೆ ಕಂಡಿದ್ದೇನೆ. ನೂಲಿನ ಬೆಲೆ ಏರುತ್ತಾ ಹೋಯಿತು, ಬಟ್ಟೆಯ ಬೆಲೆ ಏರಲಿಲ್ಲ. 40 ನಂಬರ್ ನೂಲಿನ ಪಂಚೆ ಮಗ್ಗದಲ್ಲಿ ಇಳಿಯುವಷ್ಟರಲ್ಲಿ ಪವರ್‌ಲೂಮಿನ ಹತ್ತು ಪಂಚೆ ಸಂತೆಗೆ ಬಂದಿರುತ್ತಿದ್ದವು, ಅರ್ಧ ಬೆಲೆಗೆ. ಅಪ್ಪ ಒಂದು ಸಹಕಾರ ಸಂಘಕ್ಕೆ ನೇಯ್ದು ಕೊಡುತ್ತಿದ್ದರು. ಕೂಲಿ ದುಡ್ಡು ಎಂಟು ತಿಂಗಳು ಬಾಕಿ ಆಯಿತು. ಪೂರ್ತಿ ಯಾವತ್ತೂ ಬರಲೇ ಇಲ್ಲ. ಅದೇ ಹೊತ್ತಿಗೆ ತೋಟದಲ್ಲಿ ಕಾಫಿ ಕೊಯ್ಲಿಗೆ ಹೋದರೆ ವಾರಕ್ಕೊಮ್ಮೆ ಕೈಗೆ ದುಡ್ಡು. ಅಮ್ಮ ತೋಟಕ್ಕೆ ಹೋದರು. ಅಮ್ಮ ಹೋದ ಮೇಲೆ ಕಂಡಿಕೆ, ಅಂದರೆ ಅಡ್ಡ ಎಳೆಗೆ ಬೇಕಾದ ನೂಲಿನ ಸಣ್ಣ ಉರುಳೆ, ಸುತ್ತುವವರು ಯಾರು? ಇದನ್ನು ಎಲ್ಲರೂ ಮರೆಯುತ್ತಾರೆ. ಮಗ್ಗದ ಮುಂದೆ ಕೂರುವುದು ಒಬ್ಬರೇ ಆದರೂ ನೂಲು ಬಿಚ್ಚಿ, ಗಂಜಿ ಹಾಕಿ, ರಾಟೆ ತಿರುಗಿಸಿ, ಕಂಡಿಕೆ ಸುತ್ತಿ ಕೊಡಲು ಮನೆ ಮಂದಿಯೆಲ್ಲ ಬೇಕು. ಹೆಂಗಸರು ಎದ್ದು ಹೋದ ದಿನವೇ ನಮ್ಮನೆಯ ಮಗ್ಗ ನಿಂತದ್ದು.

ಕೈಮಗ್ಗವನ್ನು ಕಾಪಾಡಲು ಅಂತ 1985ರಲ್ಲಿ ಕಾನೂನು ಬಂತು. 22 ಬಗೆಯ ಬಟ್ಟೆ ಕೈಮಗ್ಗದಲ್ಲೇ ನೇಯಬೇಕು ಅಂತ ಇದ್ದದ್ದು ಆಮೇಲೆ 11ಕ್ಕೆ ಇಳಿಯಿತು. ಆ 11 ಕೂಡ ಪವರ್‌ಲೂಮಿನಲ್ಲಿ ಆಗುತ್ತಿದೆ ಅಂತ ವ್ಯಾಪಾರ ಮಾಡುವ ನಾನೇ ಹೇಳುತ್ತೇನೆ. ನೇಕಾರ ಸಮ್ಮಾನ್ ಅಂತ 2020ರಲ್ಲಿ ವರ್ಷಕ್ಕೆ 2,000 ರೂಪಾಯಿ ಕೊಡಲು ಶುರು ಮಾಡಿದರು, ಆಮೇಲೆ 5,000 ಆಯಿತು. ಮಗ್ಗ ಇರುವವರಿಗೆ ಅದು ಒಳ್ಳೆಯದೇ. ಮಗ್ಗ ಮುಚ್ಚಿದವರಿಗೆ ಏನೂ ಇಲ್ಲ.

ನಾಪೋಕ್ಲಿನ ಅಕ್ಕ

ಅಣ್ಣಾ, ಕೈಮಗ್ಗದ ಬಟ್ಟೆ ಅಂತ ಗುರುತು ಹಿಡಿಯುವುದು ಹೇಗೆ? ಮಗಳ ಮದುವೆ ಬರುತ್ತಿದೆ, ಕೊಡುವ ಬಟ್ಟೆಯಾದರೂ ಕೈಯಲ್ಲಿ ನೇಯ್ದದ್ದು ಇರಲಿ ಅಂತ.

ಕೊಡ್ಲಿಪೇಟೆ ಜವಳಿ

ಅಂಚು ನೋಡಿ ಅಮ್ಮ. ನೇಯುವಾಗ ಬಟ್ಟೆಯ ಅಗಲ ಸೊರಗದಂತೆ ಎರಡು ಅಂಚಿಗೂ ಚುಚ್ಚಿ ಒಂದು ಕೋಲು ಕಟ್ಟುತ್ತಾರೆ. ಅದರ ಸಣ್ಣ ತೂತುಗಳು ಅಂಚಿನುದ್ದಕ್ಕೂ ಇರುತ್ತವೆ. ಅಂಚು ಗೆರೆ ಎಳೆದ ಹಾಗೆ ನೇರ ಇರುವುದಿಲ್ಲ, ಒಂದೆರಡು ಕಡೆ ಸ್ವಲ್ಪ ಒಳಗೆ ಹೊರಗೆ ಆಗಿರುತ್ತದೆ. ಬೆಳಕಿಗೆ ಹಿಡಿದರೆ ಹೊಕ್ಕಿನ ಎಳೆ, ಅಂದರೆ ಅಡ್ಡ ಎಳೆ, ಒಂದು ಕಡೆ ದಟ್ಟ, ಒಂದು ಕಡೆ ತೆಳು. 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಅಂತ ಚೀಟಿಯೂ ಇದೆ, ಅದನ್ನೂ ಕೇಳಿ.

ಶಿರಂಗಾಲದ ಮೊಮ್ಮಗಳು

ಒಂದು ವಾರ ಬರೆಯಲಾಗಲಿಲ್ಲ, ಕ್ಷಮಿಸಿ. ಹೇಳುವುದು ತುಂಬಾ ಇದೆ.

ಭಾನುವಾರ ಅಪ್ಪನನ್ನು ಅಟ್ಟ ಹತ್ತಿಸಿದೆ. ಮಗ್ಗದ ಮರಗಳನ್ನು ಒಲೆಗೆ ಹಾಕಿಬಿಟ್ಟಿದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಹೆಚ್ಚಿನದು ಹಾಗೆಯೇ ಆಗಿದೆ. ಆದರೆ ಗೋಣಿಚೀಲದಲ್ಲಿ ಸುತ್ತಿ ಎರಡು ಸಾಮಾನು ಇಟ್ಟಿದ್ದರು. ಒಂದು ಲಾಳಿ, ಅಡ್ಡ ನೂಲನ್ನು ಆಚೆ ಈಚೆ ಒಯ್ಯುವುದು, ಕೈ ತಾಗಿ ತಾಗಿ ನಡುಭಾಗ ಹೊಳೆಯುತ್ತಿದೆ, ಎರಡು ತುದಿಗೂ ಕಬ್ಬಿಣದ ಮೂತಿ. ಇನ್ನೊಂದು ಹಣಿಗೆ. ಅಪ್ಪ ಅದನ್ನು ಅಚ್ಚು ಅನ್ನುತ್ತಾರೆ. ಬಿದಿರಿನ ತೆಳು ಕಡ್ಡಿಗಳನ್ನು ಒತ್ತೊತ್ತಾಗಿ ಕಟ್ಟಿದ್ದು, ನೋಡಲು ಉದ್ದದ ಬಾಚಣಿಗೆಯ ಹಾಗೆ.

ಆ ಹಣಿಗೆಯಲ್ಲಿ ನೂಲು ಇತ್ತು! ಒಂದೊಂದು ಕಡ್ಡಿಯ ಸಂದಿನಲ್ಲಿಯೂ ಗೇಣುದ್ದದ ಎಳೆ. ಅಂಚಿನಲ್ಲಿ ಕೆಂಪು, ನಡುವೆ ಬಿಳಿ. ಬಣ್ಣ ಮಾಸಿದೆ. ಕತ್ತರಿಸಿ ತೆಗೆಯದೆ ಯಾಕೆ ಬಿಟ್ಟಿದ್ದೀರಿ ಅಂತ ಕೇಳಿದೆ. ಅಪ್ಪ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ಬಟ್ಟೆ ಇಳಿಸಿದ ಮೇಲೆ ಹಳೇ ಹಾಸಿನ ಕೊನೆ ಅಚ್ಚಿನಲ್ಲೇ ಬಿಡಬೇಕು. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಈ ಹಳೇ ಎಳೆಗೆ ಕೆಚ್ಚಬೇಕು. ಕೆಚ್ಚಿ ಎಳೆದರೆ ಹೊಸ ನೂಲು ತಾನಾಗಿ ಅಚ್ಚಿನೊಳಗೆ ಬರುತ್ತೆ. ಹಳೇದನ್ನು ಕಿತ್ತುಬಿಟ್ಟರೆ ಸಾವಿರಾರು ಎಳೆ ಮತ್ತೆ ಮೊದಲಿಂದ ಪೋಣಿಸಬೇಕು. ನಿನ್ನ ತಾತ ಕೊನೇ ಪಂಚೆ ಇಳಿಸಿದಾಗಲೂ ಬಿಟ್ಟರು. ಇನ್ನೊಂದು ಹಾಸು ಬರುತ್ತೆ ಅಂತಲೇ ಅವರು ಅಂದುಕೊಂಡಿದ್ದು."

ಆಮೇಲೆ ಅಪ್ಪ ಕೆಳಗಿಳಿದು ದೇವರ ಮನೆಯಿಂದ ವಿಭೂತಿ ತಂದರು. ಹೊಲಿಗೆ ದಾರದ ಉಂಡೆಯಿಂದ ಒಂದು ಎಳೆ ತೆಗೆದುಕೊಂಡರು. ಹೆಬ್ಬೆರಳು ತೋರುಬೆರಳಿಗೆ ವಿಭೂತಿ ಸವರಿ, ಹಳೇ ಎಳೆ ಹೊಸ ಎಳೆ ಎರಡರ ತುದಿಯನ್ನೂ ಜೋಡಿಸಿ ಒಮ್ಮೆ ಹೊಸೆದು, ಹಿಂದಕ್ಕೆ ಮಡಿಸಿ ಇನ್ನೊಮ್ಮೆ ಹೊಸೆದರು. ಗಂಟೇ ಇಲ್ಲ. ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು. ನಾನು ಎಳೆದೆ, ಬರಲಿಲ್ಲ. ಅಪ್ಪನಿಗೆ ಈಗ ಅರವತ್ತನಾಲ್ಕು, ನಲವತ್ತಾರು ವರ್ಷ ಆಗಿದೆ ಅವರು ನೂಲು ಮುಟ್ಟಿ. ನಾನು ಇಪ್ಪತ್ತು ಸಲ ಪ್ರಯತ್ನ ಮಾಡಿದೆ, ಇಪ್ಪತ್ತೂ ಬಿಚ್ಚಿಕೊಂಡಿತು. "ಬೆರಳು ಒದ್ದೆ ಇದೆ, ಬೂದಿ ಜಾಸ್ತಿ ಹಾಕು" ಅಂತಾರೆ.

ಮಡಿಕೇರಿಯ ತಮ್ಮಾ, ನೀನು ಕೇಳಿದ್ದಕ್ಕೆ ನನ್ನ ಉತ್ತರ ಇದು. ನನಗೂ ಬರೀ ಹೆಸರು ಬೇಡ. ಕಾಲಂನಲ್ಲಿ ದೇವಾಂಗ ಅಂತ ಬರೆಸಿದೆ, ಮಕ್ಕಳ ಓದಿಗೆ ಅದು ಬೇಕು, ಅದರಲ್ಲಿ ನನಗೆ ನಾಚಿಕೆ ಇಲ್ಲ. ಆದರೆ ಕೆಚ್ಚು ಅನ್ನುವ ಮಾತು ನನಗೆ ಮೂವತ್ತೆಂಟು ವರ್ಷಕ್ಕೆ ಮೊದಲ ಸಲ ಗೊತ್ತಾಯಿತು. ಧೈರ್ಯಕ್ಕೂ ಅದೇ ಮಾತು ಹೇಳುತ್ತೇವೆ ಅಲ್ವಾ? ಇಷ್ಟು ವರ್ಷ ಅದು ನಮ್ಮ ಅಟ್ಟದಲ್ಲೇ ಇತ್ತು. ನಿಮ್ಮ ಅಮ್ಮನನ್ನು ಒಮ್ಮೆ ಕೂರಿಸಿಕೊಂಡು ಕೇಳು. ಬಡತನದ ಮಾತು ಬಂದರೂ ಪರವಾಗಿಲ್ಲ, ಕೇಳು.

ನಾಪೋಕ್ಲಿನ ಅಕ್ಕಾ, ಚೇಲೆಯ ವಿಷಯ ಅಜ್ಜಿಯನ್ನು ಕೇಳಿದೆ. ಅವರ ಮಾವನ ಕಾಲದಲ್ಲಿ "ಕೊಡಗರ ಕೆಂಪು ಪಟ್ಟಿ" ನೇಯುತ್ತಿದ್ದರು, ತಾನು ಮದುವೆಯಾಗಿ ಬರುವಷ್ಟರಲ್ಲಿ ಅದು ನಿಂತಿತ್ತು ಅಂದರು. ಅವರು ಕಣ್ಣಲ್ಲಿ ನೋಡಿದ್ದಲ್ಲ, ಕೇಳಿದ್ದು.

ನಾಪೋಕ್ಲಿನ ಅಕ್ಕ

ತಂಗಿ, ಅಜ್ಜನ ಚೇಲೆ ತೆಗೆದುಕೊಂಡು ನಾನೇ ಬರುತ್ತೇನೆ. ನಿಮ್ಮ ಅಜ್ಜಿಯೂ ಅಪ್ಪನೂ ಕೈಯಲ್ಲಿ ಮುಟ್ಟಿ ನೋಡಲಿ. ಹೇಗೆ ನೇಯ್ದದ್ದು ಅಂತ ಅವರಿಗಾದರೂ ಗೊತ್ತಾಗುತ್ತದೆ.

ಮಡಿಕೇರಿ ಹುಡುಗ

ಅಕ್ಕಾ, ಅಮ್ಮನನ್ನು ಕೇಳಿದೆ. ಮೊದಲು ಬೈದರು. ಆಮೇಲೆ ರಾತ್ರಿ ಹನ್ನೊಂದರವರೆಗೂ ಮಾತಾಡಿದರು. ಕಂಡಿಕೆ ಸುತ್ತುವಾಗ ನೂಲು ತಾಗಿ ಬೆರಳಿನಲ್ಲಿ ಆದ ಗೀರು ತೋರಿಸಿದರು. ಇಷ್ಟು ದಿನ ಅದು ಅಡುಗೆ ಮನೆಯ ಗಾಯ ಅಂದುಕೊಂಡಿದ್ದೆ. ಎಲ್ಲ ರೆಕಾರ್ಡ್ ಮಾಡಿದ್ದೇನೆ, ಬರೆದು ಇಲ್ಲಿ ಹಾಕುತ್ತೇನೆ. ನಿಮ್ಮ ಮನೆಗೆ ನಾವಿಬ್ಬರೂ ಬರಬಹುದಾ?

ಕೊಡ್ಲಿಪೇಟೆ ಜವಳಿ

20 ನಂಬರ್ ಹತ್ತಿ ನೂಲು ಎರಡು ಲಡಿ ನನ್ನ ಹತ್ತಿರ ಇದೆ. ಹೊಲಿಗೆ ದಾರದಲ್ಲಿ ಕೆಚ್ಚಲು ಕಲಿಯಬೇಡಿ, ಜಾರುತ್ತದೆ. ನಾನು ತರುತ್ತೇನೆ.

ಶಿರಂಗಾಲದ ಮೊಮ್ಮಗಳು

ಎಲ್ಲರೂ ಬನ್ನಿ. ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ವಿಳಾಸ ಒಬ್ಬೊಬ್ಬರಿಗೂ ಬೇರೆಯಾಗಿ ಕಳಿಸುತ್ತೇನೆ. ಮೇಷ್ಟ್ರೇ, ಸೋಮವಾರಪೇಟೆಯಿಂದ ಬಸ್ಸಿನಲ್ಲಿ ಬರುವುದಾದರೆ ಸ್ಟ್ಯಾಂಡಿಗೆ ಅಪ್ಪನೇ ಬರುತ್ತಾರೆ. ಮಧ್ಯಾಹ್ನ ಊಟ ನಮ್ಮನೆಯಲ್ಲೇ. ಬರುವ ಮುಂಚೆ ಅಜ್ಜಿಯಿಂದ ಒಂದು ಮಾತು: ಹಣಿಗೆಯಲ್ಲಿರುವ ತಾತನ ಎಳೆಗಳನ್ನು ಯಾರೂ ಎಳೆಯಬಾರದಂತೆ. ಕಲಿಯುವುದಕ್ಕೆ ಅಂಚಿನ ನಾಲ್ಕು ಕೆಂಪು ಎಳೆ ಮಾತ್ರ ಕೊಡುತ್ತಾರಂತೆ.